ಲಂಡನ್ನಿನಲ್ಲಿ ಅಚ್ಚಾದ ಬೆಂಗಳೂರು

ಚಾಮರಾಜಪೇಟೆಯಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ನೋಡಿಕೊಂಡು ಕೃಷ್ಣರಾಜ ಮಾರುಕಟ್ಟೆಯ ಕಡೆ ನಡೆದರೆ ದೆಹಲಿ ಬಾಗಿಲು ಸಿಗುತ್ತದೆ. 1761ರಲ್ಲಿ ಹೈದರ್ ಕಲ್ಲಿನಿಂದ ಕಟ್ಟಿಸಿದ ಕೋಟೆಯಲ್ಲಿ ಉಳಿದಿರುವುದು ಬಹುಮಟ್ಟಿಗೆ ಇಷ್ಟೇ. ಮಿಕ್ಕಿದ್ದು ಹೇಗಿತ್ತೆಂದು ತಿಳಿಯಲು ಲಂಡನ್ನಿನಲ್ಲಿ ಅಚ್ಚಾದ ಚಿತ್ರಗಳನ್ನೇ ನೋಡಬೇಕು.

1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಬ್ರಿಟಿಷ್ ಸೈನ್ಯ ಬೆಂಗಳೂರು ಪೇಟೆಗೆ ನುಗ್ಗಿತು. 21ರ ರಾತ್ರಿ ಕೋಟೆಯೂ ಬಿತ್ತು. ಆ ಯುದ್ಧದ ಬೆನ್ನಿಗೆ ಬಂದ ವೃತ್ತಿ ಕಲಾವಿದ ರಾಬರ್ಟ್ ಹೋಮ್ 1794ರಲ್ಲಿ ‘ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್’ ಹೊರತಂದ. ಫಿರಂಗಿ ದಳದ ಲೆಫ್ಟಿನೆಂಟ್ ಜೇಮ್ಸ್ ಹಂಟರ್ 1792ರಲ್ಲೇ ತೀರಿಕೊಂಡ. ಅವನ ಚಿತ್ರಗಳನ್ನು ಲಂಡನ್ನಿನ ಪ್ರಕಾಶಕ ಎಡ್ವರ್ಡ್ ಓರ್ಮ್ 1804-05ರಲ್ಲಿ ಅಕ್ವಾಟಿಂಟ್ ಮಾಡಿಸಿ ಮಾರಿದ. ಅಷ್ಟರಲ್ಲಿ ಟಿಪ್ಪುವೂ ಇರಲಿಲ್ಲ.

ಅಕ್ವಾಟಿಂಟ್ ತಾಳ್ಮೆಯ ಕೆಲಸ. ನುಣ್ಣಗೆ ಉಜ್ಜಿದ ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ ಬಿಸಿ ಮಾಡುತ್ತಾರೆ. ಪುಡಿ ಕಣಕಣವಾಗಿ ಅಂಟಿಕೊಳ್ಳುತ್ತದೆ. ತಗಡನ್ನು ಆಮ್ಲಕ್ಕೆ ಇಳಿಸಿದಾಗ ಕಣಗಳ ನಡುವಿನ ಸಂದಿ ಮಾತ್ರ ಸವೆಯುತ್ತದೆ. ಬೆಳ್ಳಗೆ ಉಳಿಯಬೇಕಾದ ಮೋಡಕ್ಕೆ ಮೊದಲೇ ವಾರ್ನಿಷ್ ಬಳಿಯುತ್ತಾರೆ. ನೆರಳು ಕಪ್ಪಾಗಬೇಕಾದರೆ ಮತ್ತೆ ಮತ್ತೆ ಅದ್ದುತ್ತಾರೆ. ಆಮೇಲೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಹಾಸಿ ಉರುಳೆಯಡಿ ಒತ್ತಬೇಕು. ಬಣ್ಣ ಹಚ್ಚುವುದು ಕೊನೆಗೆ, ಪ್ರತಿಯೊಂದಕ್ಕೂ ಕೈಯಿಂದಲೇ.

ಸೈಪ್ರೆಸ್ ತೋಟದ ಸಮೇತ ಬೆಂಗಳೂರನ್ನು ತೋರಿಸುವ ಹಂಟರನ ಚಿತ್ರ ಬಲು ಪ್ರಸಿದ್ಧ. ನನಗಂತೂ ಅದು ಅತಿ ಸೊಗಸಾಯಿತು ಅನ್ನಿಸುತ್ತದೆ. ಗುಂಡು ತಿಂದ ಊರು ಇದೇನಾ ಎಂದು ಕೇಳುವಂತಿದೆ. ಹೋಮನಾದರೂ ಸಾವನ್ನು ಚಿತ್ರಿಸಿದ. ಆದರೆ ಅವನು ಆರಿಸಿಕೊಂಡದ್ದು ಪೇಟೆ ಬಾಗಿಲಲ್ಲಿ ಸತ್ತ ಕರ್ನಲ್ ಮೂರ್‌ಹೌಸ್‌ನನ್ನು. ಕೋಟೆ ಕಾಯುತ್ತ ಮಡಿದ ಮುದಿ ಕಿಲ್ಲೇದಾರ ಬಹಾದೂರ್ ಖಾನನಿಗೆ ಆ ಭಾಗ್ಯ ಸಿಗಲಿಲ್ಲ.

ಸೋತ ಬಳಿಕ ಟಿಪ್ಪು ಕಡಲಿನತ್ತ ತಿರುಗಿದ. 1796ರಲ್ಲಿ 40 ಯುದ್ಧನೌಕೆ ಕಟ್ಟಲು ಹುಕುಂ ಹೊರಡಿಸಿದ. ಮಂಗಳೂರೂ ಆ ಯೋಜನೆಯ ಹಡಗುಕಟ್ಟೆಗಳಲ್ಲೊಂದು. ಹೋಮ್, ಹಂಟರ್ ಇಬ್ಬರ ಸಂಪುಟಗಳಲ್ಲೂ ಆ ಹಡಗುಕಟ್ಟೆಗೆ ಜಾಗವಿಲ್ಲ. ಅವರು ಕಂಡದ್ದು ಅದಕ್ಕೂ ಮೊದಲು ಸೈನ್ಯ ನಡೆದ ದಾರಿಯನ್ನಷ್ಟೇ.

ಟಿಪ್ಪುವಿನ ಕಡೆಯವರೂ ಯುದ್ಧವನ್ನು ಚಿತ್ರಿಸಿದ್ದರು. ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ 1780ರ ಪೊಳ್ಳಿಲೂರು ಕದನವಿದೆ; ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೇಲಿ ಅಲ್ಲಿ ಸೋಲುತ್ತಿದ್ದಾನೆ. ಆದರೆ ಅದು ಗೋಡೆಯ ಚಿತ್ರ. ಲಂಡನ್ನಿನ ಅಂಗಡಿಗಳಲ್ಲಿ ಪ್ರತಿಗಳಾಗಿ ಮಾರಾಟವಾದದ್ದು ಹೋಮ್ ಮತ್ತು ಹಂಟರ್ ಕಂಡ ಮೈಸೂರು.