ಹವ್ಯಾಸಿ ರೇಡಿಯೋ ಸಂಘಗಳೂ ಹೊಸಬರೂ

ಲಾಭದ ಆಶೆಯಿಲ್ಲದೆ, ಕೇವಲ ವಿದ್ಯಾಸಕ್ತಿಯಿಂದ ಮನೆಯಲ್ಲಿಯೇ ರೇಡಿಯೋ ಯಂತ್ರವನ್ನಿಟ್ಟುಕೊಂಡು, ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಲೈಸೆನ್ಸು ಪಡೆದು, ದೇಶವಿದೇಶಗಳಲ್ಲಿರುವ ತಮ್ಮಂತಹವರೊಡನೆ ಸಂಭಾಷಿಸುವವರಿಗೆ ಹವ್ಯಾಸಿ ರೇಡಿಯೋಗಾರರೆಂದು ಹೆಸರು. ಬಳಕೆಯ ಮಾತಿನಲ್ಲಿ ಇವರನ್ನು ‘ಹ್ಯಾಮ್’ ಎನ್ನುವರು. ನಮ್ಮ ದೊಡ್ಡ ಪಟ್ಟಣಗಳಲ್ಲಿ ಇವರ ಸಂಘಗಳುಂಟು. ಈ ಸಂಘಗಳ ಬಾಗಿಲಿಗೆ ಬಂದ ಹೊಸಬನು ಒಳಗೆ ನಿಲ್ಲುವನೋ, ಬಂದ ದಾರಿಯಲ್ಲಿಯೇ ಹಿಂದಿರುಗುವನೋ ಎಂಬುದು ಮೇಲ್ನೋಟಕ್ಕೆ ಅವರ ಮನೆವಾರ್ತೆಯಾಗಿ ತೋರಬಹುದು. ಆದರೆ ಅದಕ್ಕೂ ಸಾರ್ವಜನಿಕ ಹಿತಕ್ಕೂ ನಿಕಟವಾದ ಸಂಬಂಧವಿದೆಯೆಂದು ನಾವು ತಿಳಿಯುತ್ತೇವೆ.

ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. 2004ರ ಡಿಸೆಂಬರಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ತಂಡವೊಂದು ಶ್ರೀಮತಿ ಭಾರತಿ ಪ್ರಸಾದ್ ಅವರ ನೇತೃತ್ವದಲ್ಲಿ ಅಂಡಮಾನಿಗೆ ಹೋಗಿತ್ತು. ಆ ದ್ವೀಪಗಳಿಂದ ಹೊರ ದೇಶಗಳ ಹವ್ಯಾಸಿಗಳೊಡನೆ ಮಾತನಾಡುವುದಷ್ಟೇ ಅವರ ಉದ್ದೇಶವಾಗಿತ್ತು. ಡಿಸೆಂಬರ್ 26ರಂದು ಸುನಾಮಿಯು ಅಪ್ಪಳಿಸಿ ಟೆಲಿಫೋನುಗಳು ಮೂಕವಾದಾಗ, ವಿನೋದಕ್ಕಾಗಿ ಒಯ್ದಿದ್ದ ಅದೇ ಯಂತ್ರಗಳು ದ್ವೀಪದ ಕ್ಷೇಮಸಮಾಚಾರವನ್ನು ಮುಖ್ಯಭೂಮಿಗೆ ಮುಟ್ಟಿಸಿದುವು. ತಂತಿಯೂ ಗೋಪುರವೂ ಬಿದ್ದುಹೋದಲ್ಲಿ ಒಂದು ಬ್ಯಾಟರಿ, ಒಂದು ಯಂತ್ರ, ಮರಕ್ಕೆ ಕಟ್ಟಿದ ಒಂದು ತಂತಿ ಇಷ್ಟರಿಂದಲೇ ಕೆಲಸ ಸಾಗುವುದು. ಆದರೆ ಆ ಯಂತ್ರದ ಮುಂದೆ ಕುಳಿತುಕೊಳ್ಳಬಲ್ಲ ಪಳಗಿದ ಮನುಷ್ಯನನ್ನು ವಿಪತ್ತಿನ ದಿನ ಸಿದ್ಧಪಡಿಸಲು ಬರುವುದಿಲ್ಲ. ಹತ್ತು ವರ್ಷಗಳ ಹಿಂದೆ ಯಾವುದೋ ಸಂಘದಲ್ಲಿ ಯಾರೋ ಹಿರಿಯರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿರಬೇಕು.

ಸಾಧನಗಳನ್ನು ಒದಗಿಸುವುದರಲ್ಲಿ ನಮ್ಮ ದೇಶವು ಹಿಂದೆಬಿದ್ದಿಲ್ಲ. ಬೆಂಗಳೂರನ್ನು ಕೇಂದ್ರವಾಗುಳ್ಳ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಹವ್ಯಾಸಿಗಳಿಗೋಸ್ಕರವೇ ‘ಹ್ಯಾಮ್‌ಸ್ಯಾಟ್’ ಎಂಬ ಪುಟ್ಟ ಉಪಗ್ರಹವನ್ನು ನಿರ್ಮಿಸಿ, 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಹಾರಿಸಿತು. ಅದರ ಎರಡು ಮರುಪ್ರಸಾರ ಯಂತ್ರಗಳಲ್ಲಿ ಒಂದನ್ನು ರಚಿಸಿದವನು ಹಾಲೆಂಡಿನ ಒಬ್ಬ ಹವ್ಯಾಸಿ ವಿದ್ಯಾರ್ಥಿ. ಅದು 2014ರವರೆಗೆ ಸೇವೆ ಸಲ್ಲಿಸಿತು. ಒಂದು ರಾಷ್ಟ್ರದ ಉಪಗ್ರಹದಲ್ಲಿ ಪರದೇಶದ ವಿದ್ಯಾರ್ಥಿಯ ಕೈಕೆಲಸಕ್ಕೆ ಸ್ಥಳ ದೊರೆತಿರುವಾಗ, ನಮ್ಮದೇ ಊರಿನ ಸಂಘದ ಕೊಠಡಿಯಲ್ಲಿ ನಮ್ಮ ವಿದ್ಯಾರ್ಥಿಗೆ ಒಂದು ಕುರ್ಚಿ ದೊರೆಯಬಾರದೆ?

ಈಗ ಹೊಸಬನ ಪಾಡನ್ನು ನೋಡೋಣ. 12 ವರ್ಷ ತುಂಬಿದ ಬಾಲಕನೂ ಪರೀಕ್ಷೆಗೆ ಕುಳಿತುಕೊಳ್ಳಬಹುದೆಂದು ಕೇಳಿ, ಡಿಪ್ಲೊಮಾ ಓದುವ ಹುಡುಗನೋ, ನಿವೃತ್ತನಾದ ಗುಮಾಸ್ತನೋ ಉತ್ಸಾಹದಿಂದ ಸಂಘಕ್ಕೆ ಬರುವನು. ಅಲ್ಲಿ ಏಳೆಂಟು ಮಂದಿ ಹಳಬರು ತಮ್ಮತಮ್ಮಲ್ಲಿಯೇ ಸಂಕೇತಾಕ್ಷರಗಳಲ್ಲಿ ಮಾತನಾಡುತ್ತಿರುವರು. ಯಾರೂ ಅವನನ್ನು ಗದರಿಸುವುದಿಲ್ಲ. ಯಾರೂ ಮಾತನಾಡಿಸುವುದೂ ಇಲ್ಲ. ಅವನು ಒಂದು ಪ್ರಶ್ನೆ ಕೇಳಿದರೆ, ಮೊದಲು ಇಂತಿಂತಹ ಪರದೇಶದ ಯಂತ್ರವನ್ನು ಕೊಂಡು ಬಾ ಎಂಬ ಉತ್ತರ ಬರುವುದು. ಹೇಗೋ ಪರೀಕ್ಷೆಯನ್ನು ಮುಗಿಸಿ ಲೈಸೆನ್ಸು ಪಡೆದನೆನ್ನಿ. ಮೊದಲ ದಿನ ಮೈಕಿನ ಮುಂದೆ ನಾಲಿಗೆ ತಡವರಿಸುವುದು. ಸ್ಥಳೀಯ ರಿಪೀಟರಿನಲ್ಲಿ ಹಳಬರು ಒಬ್ಬರ ಮಾತಿಗೆ ಒಬ್ಬರ ಮಾತನ್ನು ಹೆಣೆದು ಎಡೆಯಿಲ್ಲದೆ ಸಂಭಾಷಿಸುತ್ತಿದ್ದರೆ ಅವನು ನಡುವೆ ಪ್ರವೇಶಿಸುವುದಾದರೂ ಎಲ್ಲಿ? ತಪ್ಪಿದರೆ ಎಲ್ಲರೂ ಕೇಳುವಂತೆ ತಿದ್ದುವರು. ಎರಡು ಬಾರಿ ಹೀಗಾದರೆ ಯಂತ್ರವು ಕಪಾಟು ಸೇರುವುದು. ಲೈಸೆನ್ಸುದಾರರ ಪಟ್ಟಿಯಲ್ಲಿ ಒಂದು ಹೆಸರು ಹೆಚ್ಚಿತು. ಆಕಾಶದಲ್ಲಿ ಒಂದು ಧ್ವನಿಯೂ ಹೆಚ್ಚಲಿಲ್ಲ.

ಇದು ಈ ವಿದ್ಯೆಯ ಸಂಪ್ರದಾಯಕ್ಕೆ ಒಪ್ಪುವ ನಡತೆಯಲ್ಲ. ‘ಹ್ಯಾಮ್’ ಎಂಬ ಹೆಸರೇ ಹಿಂದೆ ವೃತ್ತಿನಿರತ ತಂತಿಗಾರರು ಕೈಪಳಗದವರನ್ನು ಹೀಯಾಳಿಸಲು ಬಳಸುತ್ತಿದ್ದ ಮಾತು. ಹೀಯಾಳಿಕೆಯನ್ನೇ ಬಿರುದಾಗಿ ಧರಿಸಿದವರ ಸಂತತಿಯವರು ಮತ್ತೊಬ್ಬ ಕೈಪಳಗದವನನ್ನು ಹೀಯಾಳಿಸುವುದು ಸಲ್ಲದು. 1928ರಲ್ಲಿ ಅಮೆರಿಕದ ಪಾಲ್ ಸೀಗಲ್ ಎಂಬುವರು ರಚಿಸಿದ ಹವ್ಯಾಸಿಗಳ ಧರ್ಮಸೂತ್ರವನ್ನು ಇಂದಿಗೂ ಲೋಕವೆಲ್ಲ ಮನ್ನಿಸುತ್ತದೆ. ಅದರ ಆರು ಲಕ್ಷಣಗಳಲ್ಲಿ ಸ್ನೇಹಪರತೆಯೂ ಒಂದು. ಕೇಳಿಕೊಂಡಾಗ ತಾಳ್ಮೆಯಿಂದ ನಿಧಾನವಾಗಿ ಸಂದೇಶ ಕಳುಹಿಸುವುದು, ಆರಂಭಿಗನಿಗೆ ಸಲಹೆ ಕೊಡುವುದು ಇವೇ ಆ ಸ್ನೇಹದ ಗುರುತುಗಳೆಂದು ಅಲ್ಲಿ ಹೇಳಿದೆ. ಮೋರ್ಸ್ ಸಂಕೇತದಲ್ಲಿ ‘ಕ್ಯೂ.ಆರ್.ಎಸ್.’ ಎಂಬ ಮೂರಕ್ಷರಗಳಿಗೆ ‘ನಿಧಾನವಾಗಿ ಕಳುಹಿಸಿರಿ’ ಎಂದು ಅರ್ಥ. ಅದನ್ನು ಕೇಳಿದೊಡನೆ ವೇಗಗಾರನು ತನ್ನ ವೇಗವನ್ನು ತಗ್ಗಿಸಿ ಎದುರಿನವನ ಮಟ್ಟಕ್ಕೆ ಇಳಿಯುವನು. ಇಳಿಯದವನನ್ನು ಸಭ್ಯನೆಂದು ಯಾರೂ ಎಣಿಸುವುದಿಲ್ಲ. ಹೊಸಬನಿಗೆ ಕಲಿಸುವ ಹಿರಿಯನಿಗೆ ‘ಎಲ್ಮರ್’ ಎಂಬ ಹೆಸರು ಅಂಟಿದ್ದೂ ಹೀಗೆಯೇ. 1971ರಲ್ಲಿ ಅಮೆರಿಕದ ‘ಕ್ಯೂ.ಎಸ್.ಟಿ.’ ಎಂಬ ಹವ್ಯಾಸಿ ಪತ್ರಿಕೆಯ ಅಂಕಣಕಾರರೊಬ್ಬರು ಆ ಹೆಸರಿನ ಹಿರಿಯರೊಬ್ಬರನ್ನು ಕೃತಜ್ಞತೆಯಿಂದ ಸ್ಮರಿಸಿದರು; ಅಂದಿನಿಂದ ಅದು ಗುರುವಿಗೆ ಪರ್ಯಾಯವಾಗಿ ನಿಂತಿತು. ಗಾಳಿಯಲ್ಲಿ ಪಾಲಿಸುವ ಈ ನಿಯಮವನ್ನು ಕೊಠಡಿಯಲ್ಲಿಯೂ ಪಾಲಿಸಿರೆಂಬುದೇ ನಮ್ಮ ಸೂಚನೆಯ ಸಾರ.

ಅದಕ್ಕೆ ಹಣವೇನೂ ಬೇಡ. ಪ್ರತಿಯೊಂದು ಸಭೆಯಲ್ಲಿ ಒಬ್ಬ ಸದಸ್ಯನಿಗೆ ಹೊಸಬರನ್ನು ಬರಮಾಡಿಕೊಳ್ಳುವ ಕೆಲಸವನ್ನು ಮಾತ್ರ ವಹಿಸಬೇಕು. ಅವನು ಬಂದವರ ಹೆಸರನ್ನು ಕೇಳಿ, ಸಂಕೇತಗಳ ಅರ್ಥವನ್ನು ತಿಳಿಸಿ, ಒಬ್ಬ ಹಿರಿಯರ ವಶಕ್ಕೆ ಒಪ್ಪಿಸಲಿ. ಎರಡನೆಯದಾಗಿ, ಬೆಲೆಯ ಯಂತ್ರದ ಮಾತನ್ನು ಬಿಟ್ಟು ಕೈಕೆಲಸದಿಂದ ಆರಂಭಿಸಬೇಕು. 7 ಮೆಗಾಹರ್ಟ್ಸ್ ತರಂಗಗಳಿಗೆ ಸುಮಾರು 20 ಮೀಟರು ತಂತಿಯನ್ನು ನಡುವೆ ಕತ್ತರಿಸಿ ಕಟ್ಟಿದರೆ ಒಳ್ಳೆಯ ಏರಿಯಲ್ ಆಗುವುದು; ಒಂದು ಮಧ್ಯಾಹ್ನದಲ್ಲಿ ಹುಡುಗರೇ ಮಾಡಬಹುದು. ಬಚ್ಚಿಟ್ಟ ಪ್ರೇಷಕವನ್ನು ಪತ್ತೆಮಾಡುವ ‘ನರಿಬೇಟೆ’ಯ ಆಟದಲ್ಲಿ ಹುಡುಕುವವರು ಕೇಳುವುದಷ್ಟೇ ಕೆಲಸ, ಶಾಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರವೇಶವಿಲ್ಲ. ಮೂರನೆಯದಾಗಿ, ವಾರಕ್ಕೊಮ್ಮೆ ಗೊತ್ತಾದ ವೇಳೆಯಲ್ಲಿ ಹೊಸ ಲೈಸೆನ್ಸುದಾರರನ್ನೇ ಮೊದಲು ಕರೆದು ಮಾತನಾಡಿಸಬೇಕು. ಪ್ರತಿಯೊಬ್ಬರ ಮಾತಿನ ಕೊನೆಯಲ್ಲಿ ಎರಡು ಮೂರು ಸೆಕೆಂಡು ಎಡೆ ಬಿಡಬೇಕು. ತಪ್ಪನ್ನು ತಿದ್ದುವುದಾದರೆ ಬಳಿಕ, ಏಕಾಂತದಲ್ಲಿ.

ಇನ್ನು ಭಾಷೆಯ ಮಾತು. ಈ ವಿದ್ಯೆಯ ಗ್ರಂಥಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಸಂಘಗಳ ವ್ಯವಹಾರವೂ ಹಾಗೆಯೇ ನಡೆದರೆ ಬಳ್ಳಾರಿಯಿಂದಲೋ ಹಾವೇರಿಯಿಂದಲೋ ಬಂದ ಹುಡುಗನು ವಿಷಯಕ್ಕಿಂತ ಮೊದಲು ಭಾಷೆಗೆ ಹೆದರುವನು. ವಿದ್ಯುತ್‌ಪ್ರವಾಹದ ನಿಯಮವನ್ನು ಕನ್ನಡದಲ್ಲಿ ಅರಿತವನು ಅದನ್ನು ಬೇರೆ ಭಾಷೆಯಲ್ಲಿ ಬರೆಯಲು ಬೇಗ ಕಲಿಯುವನು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಸ್ವಂತ ಆಸಕ್ತಿಯಿಂದ ತಮ್ಮ ಮನೆಯಲ್ಲಿಯೇ ಪ್ರಸಾರ ನಿಲಯವನ್ನು ಸ್ಥಾಪಿಸಿ ‘ಆಕಾಶವಾಣಿ’ಯನ್ನು ನಾಡಿಗೆ ಕೇಳಿಸಿದರು; ಆ ಹೆಸರು ಮುಂದೆ ದೇಶಕ್ಕೆಲ್ಲ ಸಂದಿತು. ಅಂತಹ ನಾಡಿನಲ್ಲಿ ರೇಡಿಯೋ ವಿದ್ಯೆಯ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುವುದು ಸಂಘಗಳಿಗೆ ಅಸಾಧ್ಯವಲ್ಲ. ಸ್ತ್ರೀಯರ ವಿಷಯದಲ್ಲಿಯೂ ಎಚ್ಚರ ಬೇಕು. ಹವ್ಯಾಸಿಗಳು ಪರಸ್ಪರ ‘ಹಿರಿಯ’ ಎಂಬ ಅರ್ಥದ ಪುರುಷವಾಚಕದಿಂದ ಕರೆದುಕೊಳ್ಳುವುದು ಹಳೆಯ ರೂಢಿ. ಇಪ್ಪತ್ತು ಗಂಡಸರ ನಡುವೆ ಒಬ್ಬಳೇ ಕುಳಿತ ಹೆಣ್ಣುಮಗಳು ಮುಂದಿನ ಸಭೆಗೆ ಬಾರದಿದ್ದರೆ ಆಶ್ಚರ್ಯವಿಲ್ಲ. ಅಂಡಮಾನಿನ ತಂಡದ ನಾಯಕಿಯು ಸ್ತ್ರೀಯೆಂಬುದನ್ನು ನಮ್ಮ ಸಂಘಗಳು ನೆನೆಯಬೇಕು.

ಬಾಗಿಲನ್ನು ಅಗಲವಾಗಿ ತೆರೆದರೆ ಮಟ್ಟವು ಇಳಿಯುವುದೆಂದು ಕೆಲವು ಹಿರಿಯರು ಶಂಕಿಸುವರು. 2003ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಸಮ್ಮೇಳನವು ಮೋರ್ಸ್ ಪರೀಕ್ಷೆಯ ಕಡ್ಡಾಯವನ್ನು ತೆಗೆದು ಅದನ್ನು ಆಯಾ ಸರ್ಕಾರಗಳ ವಿವೇಚನೆಗೆ ಬಿಟ್ಟಾಗಲೂ ಇದೇ ಕೂಗು ಎದ್ದಿತು. ಆ ಶಂಕೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಬೆರಳ ತುದಿಯಲ್ಲಿ ಭಾಷೆಯನ್ನು ಸಾಧಿಸಲು ಅವರು ವರ್ಷಗಟ್ಟಲೆ ಶ್ರಮಪಟ್ಟವರು. ಆದರೆ ಪರೀಕ್ಷೆಯನ್ನು ನಡೆಸುವುದು ಸರ್ಕಾರದ ಕೆಲಸ. ಪರೀಕ್ಷೆಗೆ ಸಿದ್ಧಪಡಿಸುವುದು ಸಂಘದ ಕೆಲಸ. ಆದರದಿಂದ ಕಲಿಸಿದರೆ ಮಟ್ಟ ಇಳಿಯುವುದಿಲ್ಲ. ಬಾಗಿಲಿನಿಂದ ಹಿಂದಿರುಗಿದವನು ಸುಮ್ಮನಿರುವನೆಂಬ ಭರವಸೆಯೂ ಇಲ್ಲ. ಅಗ್ಗದ ಕೈಯಂತ್ರವನ್ನು ಕೊಂಡು, ಲೈಸೆನ್ಸಿಲ್ಲದೆ, ನಿಯಮವರಿಯದೆ ಅವನು ಮಾತನಾಡತೊಡಗಿದರೆ ಅದರಿಂದ ಕೆಡುವುದು ಹಿರಿಯರು ಕಾಪಾಡಿಕೊಂಡು ಬಂದ ಶಿಸ್ತೇ.

ಸಂಘಗಳ ವಾರ್ಷಿಕ ವರದಿಗಳಲ್ಲಿ ಸದಸ್ಯರ ಸಂಖ್ಯೆಯೂ ಜಮಾ ಖರ್ಚೂ ಇರುವುದು ವಾಡಿಕೆ. ಇವುಗಳ ಜೊತೆಗೆ ಇನ್ನೊಂದು ಅಂಕಣವನ್ನು ಬರೆಯಿಸಬೇಕೆಂದು ಕಾರ್ಯದರ್ಶಿಗಳನ್ನು ಕೋರುತ್ತೇವೆ. ಕಳೆದ ವರ್ಷ ನಮ್ಮಲ್ಲಿಗೆ ಬಂದ ಹೊಸಬರೆಷ್ಟು, ಲೈಸೆನ್ಸು ಪಡೆದವರೆಷ್ಟು, ಅವರಲ್ಲಿ ಈಗ ಮಾತನಾಡುತ್ತಿರುವವರೆಷ್ಟು? ಮೊದಲನೆಯ ಮತ್ತು ಕೊನೆಯ ಅಂಕಿಗಳ ನಡುವಣ ಅಂತರವನ್ನು ಸದಸ್ಯರು ಸಭೆಯಲ್ಲಿ ಓದಿ ಕೇಳಲಿ. ಮಾಡಬೇಕಾದುದೇನೆಂಬುದು ಅವರಿಗೇ ಹೊಳೆಯುವುದು.