ತುಕ್ಕಿನ ಕೆಳಗಿನ ಉಕ್ಕು

ಹಳೆಯ ಪಂದ್ಯದ ಸೈಕಲ್ಲನ್ನು ಗುರುತಿಸುವುದು ಹೇಗೆ? ಕೆಡಿಸದೆ ಉಳಿಸುವುದು ಹೇಗೆ?

ಗುಜರಿ ಅಂಗಡಿಯ ತಕ್ಕಡಿಗೆ ಒಂದು ವಿಚಿತ್ರ ನ್ಯಾಯವುಂಟು. ಅಲ್ಲಿ ಹಳೆಯ ಸೈಕಲ್ಲು ಮಾರಾಟವಾಗುವುದು ತೂಕಕ್ಕೆ. ಹಾಲಿನ ಕ್ಯಾನು ಹೊತ್ತು ಸವೆದ ಸಾಧಾರಣ ಸೈಕಲ್ಲು ಸುಮಾರು 20 ಕಿಲೋ ತೂಗಿದರೆ, ಪಂದ್ಯಕ್ಕೆಂದೇ ಕುಶಲಕರ್ಮಿಯೊಬ್ಬ ಕಟ್ಟಿದ ಸೈಕಲ್ಲು ಸುಮಾರು 10 ಕಿಲೋ ತೂಗೀತು. ಆದುದರಿಂದ ಹೆಚ್ಚು ವಿದ್ಯೆ, ಹೆಚ್ಚು ಶ್ರಮ ವೆಚ್ಚವಾದ ವಸ್ತುವಿಗೆ ಅಲ್ಲಿ ಅರ್ಧ ಬೆಲೆ! ಹಗುರವಾಗಿರುವುದೇ ಯಾವುದರ ಹಿರಿಮೆಯೋ, ಅದಕ್ಕೆ ಆ ಹಗುರವೇ ಮುಳುವಾಗುತ್ತದೆ.

ಭಾನುವಾರದ ಬೆಳಗಿನ ಜಾವ ಬೆಂಗಳೂರಿನಿಂದ ದೇವನಹಳ್ಳಿಯ ಮಾರ್ಗವಾಗಿ ನಂದಿಬೆಟ್ಟದತ್ತ ಹೊರಡುವ ಸೈಕಲ್ ಸವಾರರ ಸಾಲು ಈ ಸೀಮೆಯ ಜನರಿಗೆ ಈಗ ಹೊಸ ನೋಟವಲ್ಲ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಆ ಬೆಟ್ಟವನ್ನು ಏರುವುದು ಅವರಲ್ಲಿ ಅನೇಕರಿಗೆ ವಾರದ ವ್ರತವಿದ್ದಂತೆ. ಬಹುಮಂದಿಯ ಸೈಕಲ್ಲುಗಳು ಅಲ್ಯೂಮಿನಿಯಮ್ಮಿನವು, ಇಲ್ಲವೆ ಇಂಗಾಲದ ನಾರಿನವು. ಆದರೆ ತಮಗಿಂತ ಹೆಚ್ಚು ವಯಸ್ಸಾದ ಉಕ್ಕಿನ ಸೈಕಲ್ಲುಗಳನ್ನು ಹುಡುಕಿ, ತೊಳೆದು, ತಿದ್ದಿ, ಮತ್ತೆ ರಸ್ತೆಗಿಳಿಸುವ ಹವ್ಯಾಸಿಗಳೂ ಕೆಲವರುಂಟು. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಗುಜರಿ ರಾಶಿಯಲ್ಲಾಗಲಿ, ಹಳೆಯ ಮನೆಯ ಅಟ್ಟದ ಮೇಲಾಗಲಿ ಇಂಥ ಒಂದು ಫ್ರೇಮು ಎಂದಾದರೂ ಕಣ್ಣಿಗೆ ಬಿದ್ದೀತೆಂಬುದು ಅವರ ಆಸೆ. ಆಮದಿನ ಮೇಲೆ ಬಿಗಿಯಾದ ನಿರ್ಬಂಧವಿದ್ದ ದಶಕಗಳಲ್ಲಿ ಪರದೇಶದ ಪಂದ್ಯದ ಸೈಕಲ್ಲು ನಮ್ಮ ನಾಡಿಗೆ ಬಂದದ್ದೇ ಅಪರೂಪ. ಅದನ್ನು ಗುರುತಿಸಬಲ್ಲವರೂ ಅಷ್ಟೇ ಅಪರೂಪ.

ಗುಜರಿಯವನ ಸುತ್ತಿಗೆಯಿಂದ ಪಾರಾಗಿ ಬಂದ ಫ್ರೇಮಿಗೆ ಮುಂದೆಯೂ ಅಪಾಯ ತಪ್ಪಿದ್ದಲ್ಲ. ತುಕ್ಕು ನಲವತ್ತು ವರ್ಷಗಳಲ್ಲಿ ಮಾಡದ ಕೇಡನ್ನು ಅವಸರದ ರಿಪೇರಿ ಒಂದೇ ಮಧ್ಯಾಹ್ನದಲ್ಲಿ ಮಾಡಿಬಿಡಬಲ್ಲುದು. ಆದುದರಿಂದ ಈ ಹವ್ಯಾಸದಲ್ಲಿ ಕೈಗಿಂತ ಮೊದಲು ಕಣ್ಣಿಗೆ ಕೆಲಸ.

ಬಿಲ್ಲೆಯ ಮೇಲಿನ ಹೆಸರು

ಹ್ಯಾಂಡಲಿನ ಕೆಳಗಿನ ಕೊಳವೆಗೆ ಅಂಟಿಸಿದ ಲೋಹದ ಬಿಲ್ಲೆಯನ್ನು ಮೊದಲು ನೋಡುವುದು ಎಲ್ಲರ ವಾಡಿಕೆ. ಹರ್ಕ್ಯುಲಿಸ್, ಫಿಲಿಪ್ಸ್, ಬಿ.ಎಸ್.ಎ., ರಾಲೆ ಇವೆಲ್ಲ ನಮ್ಮ ತಾತಂದಿರ ಕಾಲದಿಂದ ಮನೆಮಾತಾದ ಹೆಸರುಗಳು. ಆದರೆ ಬಿಲ್ಲೆ ಹೇಳುವುದು ಕಾರ್ಖಾನೆಯ ಹೆಸರನ್ನು ಮಾತ್ರ, ಫ್ರೇಮಿನ ಗುಣವನ್ನಲ್ಲ.

ಇದಕ್ಕೆ ಕಾರಣ ಆ ಕಂಪನಿಗಳ ಇತಿಹಾಸದಲ್ಲಿದೆ. ಇಂಗ್ಲೆಂಡಿನಲ್ಲಿ 1919ರಲ್ಲಿ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಎಂಬ ಉದ್ಯಮ ಸಮೂಹ ಸ್ಥಾಪಿತವಾಯಿತು. ಸೈಕಲ್ ಕೊಳವೆಗಳಿಗೆ ಲೋಕಪ್ರಸಿದ್ಧವಾದ ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಕಂಪನಿ 1928ರಲ್ಲಿ ಅದರ ಅಂಗವಾಯಿತು. ಅದೇ ಸಮೂಹ 1949ರಲ್ಲಿ ಮದರಾಸಿನ ಮುರುಗಪ್ಪ ಮನೆತನದೊಡನೆ ಕೂಡಿ ಟಿ.ಐ. ಸೈಕಲ್ಸ್ ಆಫ್ ಇಂಡಿಯಾ ಎಂಬ ಕಂಪನಿಯನ್ನು ಕಟ್ಟಿ, ಅಂಬತ್ತೂರಿನಲ್ಲಿ ಹರ್ಕ್ಯುಲಿಸ್ ಸೈಕಲ್ಲುಗಳನ್ನು ತಯಾರಿಸತೊಡಗಿತು. ಬಂಗಾಳದ ಆಸನ್‌ಸೋಲಿನಲ್ಲಿ ಸೆನ್-ರಾಲೆ ಕಾರ್ಖಾನೆ 1952ರಲ್ಲಿ ಆರಂಭವಾಯಿತು. 1960ರಲ್ಲಿ ಇಂಗ್ಲೆಂಡಿನ ರಾಲೆ ಕಂಪನಿಯೂ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್‌ನ ಒಡಲು ಸೇರಿತು.

ಹೀಗೆ ಹೊಸಕೋಟೆಯ ಸಂತೆಗೆ ಸೊಪ್ಪಿನ ಮೂಟೆ ಹೊತ್ತ ಸೈಕಲ್ಲಿನ ಮೇಲೂ, ಯೂರೋಪಿನ ಪಂದ್ಯದ ಸೈಕಲ್ಲಿನ ಮೇಲೂ ಒಂದೇ ಹೆಸರಿರುವುದು ಸಾಧ್ಯವಾಯಿತು. 1955ರ ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು ಪೂರ್ತಿಗೊಳಿಸಿದ ಮೊಟ್ಟಮೊದಲ ಬ್ರಿಟಿಷರಾದ ಬ್ರಯನ್ ರಾಬಿನ್‌ಸನ್ ಮತ್ತು ಟೋನಿ ಹೋರ್ ಇಬ್ಬರೂ ಹರ್ಕ್ಯುಲಿಸ್ ತಂಡದವರೇ. ಹಾಗೆಂದು ಅಟ್ಟದ ಮೇಲಿನ ಹರ್ಕ್ಯುಲಿಸ್ಸೆಲ್ಲ ಟೂರ್ ದ ಫ್ರಾನ್ಸ್ ಸೈಕಲ್ಲಾದೀತೆ? ಹ್ಯಾಂಡಲಿನ ಸಾಕ್ಷ್ಯವೂ ಸಾಲದು. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲಿನ ಸೈಕಲ್ಲುಗಳು, ಹೀರೋ ಹಾಕ್‌ನಂಥವು, ನಮ್ಮ ದೇಶದಲ್ಲೂ ಸಾಕಷ್ಟು ಮಾರಾಟವಾದವು. ಹ್ಯಾಂಡಲನ್ನು ಯಾವ ಫ್ರೇಮಿಗೆ ಬೇಕಾದರೂ ಕೂಡಿಸಬಹುದು.

ಕೊಳವೆಯೊಳಗಿನ ಗುಟ್ಟು

ಪಂದ್ಯದ ಫ್ರೇಮಿನ ಗುಣವೆಲ್ಲ ಅಡಗಿರುವುದು ಕಣ್ಣಿಗೆ ಕಾಣದ ಕಡೆ, ಎಂದರೆ ಕೊಳವೆಯ ಒಳಗೋಡೆಯಲ್ಲಿ. ಕೊಳವೆಗಳು ಕೂಡುವ ಮೂಲೆಗಳಲ್ಲಿ ಭಾರವೂ ಬೆಸುಗೆಯ ಶಾಖವೂ ಹೆಚ್ಚು, ನಡುವೆ ಕಡಿಮೆ. ಹೀಗಿರುವಲ್ಲಿ ಉದ್ದಕ್ಕೂ ಒಂದೇ ದಪ್ಪವೇಕೆ? ಹೊರಸುತ್ತಳತೆ ಒಂದೇ ಸಮನಾಗಿದ್ದು, ಗೋಡೆ ಮಾತ್ರ ತುದಿಗಳಲ್ಲಿ ದಪ್ಪವಾಗಿಯೂ ನಡುವೆ ತೆಳುವಾಗಿಯೂ ಇರುವಂತೆ ಕೊಳವೆ ಎಳೆಯುವ ವಿಧಾನಕ್ಕೆ ರೆನಾಲ್ಡ್ಸ್ 1897ರಲ್ಲಿ ಪೇಟೆಂಟ್ ಪಡೆಯಿತು. 1935ರಲ್ಲಿ ಅದೇ ಕಂಪನಿ ಮ್ಯಾಂಗನೀಸ್ ಮತ್ತು ಮಾಲಿಬ್ಡಿನಮ್ ಬೆರೆತ ಉಕ್ಕಿನ '531' ಕೊಳವೆಯನ್ನು ಹೊರತಂದಿತು. ಬಲ್ಲವರು ಅದನ್ನು ಐದು-ಮೂರು-ಒಂದು ಎಂದು ಬಿಡಿಸಿ ಹೇಳುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್ ವಿಮಾನದ ಇಂಜಿನ್ನನ್ನು ಹಿಡಿದು ನಿಲ್ಲಿಸುವ ಚೌಕಟ್ಟಿಗೂ ಇದೇ ಕೊಳವೆ ಬಳಕೆಯಾಯಿತು. ಇಟಲಿಯ ಮಿಲಾನ್ ನಗರದ ಕೊಲಂಬಸ್ ಕೊಳವೆಗಳೂ ಅಷ್ಟೇ ಖ್ಯಾತಿವೆತ್ತವು. ಅವರ 'ಎಸ್.ಎಲ್.' ಕೊಳವೆಯ ಗೋಡೆ ತುದಿಯಲ್ಲಿ 0.9 ಮಿ.ಮೀ., ನಡುವೆ ಕೇವಲ 0.6 ಮಿ.ಮೀ. ಎರಡು ಮೂರು ಅಂಚೆ ಕಾರ್ಡುಗಳನ್ನು ಒತ್ತಾಗಿ ಜೋಡಿಸಿದರೆ ಅಷ್ಟು ದಪ್ಪವಾದೀತು!

ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವಂತೆ ಈ ಕೊಳವೆಯನ್ನೂ ಉಗುರಿನಿಂದ ತಟ್ಟುತ್ತ ಹೋದರೆ, ತುದಿಯಲ್ಲಿ ಮಂದವಾದ ನಾದ ನಡುವೆ ಸ್ಪಷ್ಟವಾಗಿ ಬದಲಾಗುವುದು ಪಳಗಿದ ಕಿವಿಗೆ ತಿಳಿಯುತ್ತದೆ. ಕೊಳವೆಯ ಮೇಲೆ 531 ಎಂಬ ಚೀಟಿ ಅಂಟಿದ್ದರೆ ಸಾಲದೆ ಎಂದು ಕೇಳಬಹುದು. ಹಳೆಯ ಮಾದರಿಯ ಚೀಟಿಗಳನ್ನು ಈಗ ಹೊಸದಾಗಿ ಅಚ್ಚು ಹಾಕಿ ಮಾರುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಅಳತೆಯೇ ಜಾತಕ

ಚೀಟಿ ಸುಳ್ಳಾಡಬಹುದು, ಅಳತೆ ಆಡದು. ಒಂದು ವರ್ನಿಯರ್ ಕ್ಯಾಲಿಪರ್ ಇದ್ದರೆ ಫ್ರೇಮಿನ ಜಾತಕವನ್ನು ಬಹುಪಾಲು ಓದಬಹುದು.

ಮೊದಲನೆಯದು ಸೀಟಿನ ಕಂಬಿ. ಇಂಗ್ಲಿಷ್ ಮತ್ತು ಇಟಾಲಿಯನ್ ಪದ್ಧತಿಯಲ್ಲಿ ಸೀಟಿನ ಕೆಳಗಿನ ಕೊಳವೆಯ ಹೊರವ್ಯಾಸ 28.6 ಮಿ.ಮೀ. ಅದರೊಳಗೆ 27.2 ಮಿ.ಮೀ. ದಪ್ಪದ ಕಂಬಿ ಸರಿಯಾಗಿ ಕೂತರೆ, ಕೊಳವೆಯ ಗೋಡೆ ಬಹಳ ತೆಳುವೆಂದೂ, ಫ್ರೇಮು ಉತ್ತಮ ದರ್ಜೆಯದೆಂದೂ ತಿಳಿಯಬೇಕು. 25 ಅಥವಾ 26 ಮಿ.ಮೀ. ಕಂಬಿಯೇ ಬಿಗಿಯಾಗಿ ಕೂತರೆ ಗೋಡೆ ದಪ್ಪ, ಸಾಧಾರಣ ಕೊಳವೆ. ಫ್ರೆಂಚ್ ಫ್ರೇಮುಗಳಲ್ಲಿ ಹೊರವ್ಯಾಸವೇ 28 ಮಿ.ಮೀ. ಆದುದರಿಂದ ಲೆಕ್ಕ ಬೇರೆ.

ಎರಡನೆಯದು ಪೆಡಲಿನ ಆಕ್ಸಲು ತಿರುಗುವ ಅಡ್ಡ ಡಬ್ಬಿ, ಎಂದರೆ ಬಾಟಮ್ ಬ್ರಾಕೆಟ್. ಅದರ ಅಗಲ 68 ಮಿ.ಮೀ. ಇದ್ದು, ಥ್ರೆಡ್ಡು ಅಂಗುಲಕ್ಕೆ 24 ಸುತ್ತು ಇದ್ದರೆ ಸಾಮಾನ್ಯವಾಗಿ ಇಂಗ್ಲಿಷ್ ಪದ್ಧತಿ. 70 ಮಿ.ಮೀ. ಅಗಲ, 36 ಮಿ.ಮೀ. ವ್ಯಾಸವಾದರೆ ಇಟಾಲಿಯನ್. 35 ಮಿ.ಮೀ. ವ್ಯಾಸವಿದ್ದು ಸುತ್ತಿಗೆ 1 ಮಿ.ಮೀ. ಅಂತರವಿದ್ದರೆ ಫ್ರೆಂಚ್. ರಾಲೆ ಕಂಪನಿ ತನ್ನ ಅನೇಕ ಸೈಕಲ್ಲುಗಳಿಗೆ ಅಂಗುಲಕ್ಕೆ 26 ಸುತ್ತಿನ ತನ್ನದೇ ಪದ್ಧತಿ ಇಟ್ಟುಕೊಂಡಿತ್ತು. ಇದು ಬರಿಯ ಕುತೂಹಲದ ವಿಷಯವಲ್ಲ. ಇಂಗ್ಲಿಷ್ ಫ್ರೇಮಿನ ಬಲಬದಿಯ ಕಪ್ಪು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಇಟಾಲಿಯನ್ ಫ್ರೇಮಿನದು ಅದಕ್ಕೆ ವಿರುದ್ಧ. ತಿಳಿಯದೆ ಬಲಪ್ರಯೋಗ ಮಾಡಿದರೆ ಥ್ರೆಡ್ಡು ಹಾಳಾಗಿ, ಅಪರೂಪದ ಫ್ರೇಮು ನಿರುಪಯೋಗಿಯಾಗುತ್ತದೆ.

ಮೂರನೆಯದು ಹಿಂಚಕ್ರ ಕೂಡುವ ಸೀಳುತುದಿಗಳು. ಸಾಧಾರಣ ಸೈಕಲ್ಲಿನಲ್ಲಿ ಇವು ತೆಳು ತಗಡನ್ನು ಕತ್ತರಿಸಿ ಒತ್ತಿದವು. ಉತ್ತಮ ಫ್ರೇಮಿನಲ್ಲಿ ಬಡಿದು ಮಾಡಿದ ದಪ್ಪ ಉಕ್ಕಿನವು. ಅವುಗಳ ಮೇಲೆ ಕಂಪನ್ಯೋಲೊ, ಸಿಂಪ್ಲೆಕ್ಸ್, ಹ್ಯೂರೆ ಮೊದಲಾದ ತಯಾರಕರ ಹೆಸರು ಕೊರೆದಿರುತ್ತದೆ. ಎರಡು ತುದಿಗಳ ನಡುವಣ ಅಂತರ ಕಾಲವನ್ನು ಸೂಚಿಸುತ್ತದೆ. 120 ಮಿ.ಮೀ. ಇದ್ದರೆ ಐದು ಗೇರುಗಳ ಕಾಲ, 126 ಇದ್ದರೆ ಆರು ಏಳು ಗೇರುಗಳ ಕಾಲ, 130 ಇದ್ದರೆ ಅದಕ್ಕೂ ಈಚಿನದು. ಬಾಟಮ್ ಬ್ರಾಕೆಟ್ಟಿನ ತಳದಲ್ಲೋ ಸೀಟಿನ ಬಳಿಯೋ ಕೊರೆದ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳತಕ್ಕದ್ದು.

ಗಾಯ ಉಂಟೆ?

ಕುಲ ತಿಳಿದ ಮೇಲೆ ಆರೋಗ್ಯದ ಪರೀಕ್ಷೆ. ಎದುರಿನಿಂದ ಡಿಕ್ಕಿಯಾದ ಫ್ರೇಮಿನಲ್ಲಿ, ಹ್ಯಾಂಡಲಿನ ಬುಡದಿಂದ ಪೆಡಲಿನತ್ತ ಇಳಿಯುವ ಕೊಳವೆಯ ಕೆಳಮೈ ತುಸು ಉಬ್ಬಿರುತ್ತದೆ, ಅಥವಾ ಅಲ್ಲಿನ ಬಣ್ಣ ಸುಕ್ಕುಗಟ್ಟಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಮೂಲೆಗಳಲ್ಲಿ ಕೂದಲೆಳೆಯಂಥ ಬಿರುಕುಂಟೆ, ತುಕ್ಕು ಕೊಳವೆಯನ್ನು ತೂತು ಮಾಡಿದೆಯೆ ಎಂಬುದನ್ನೂ ನೋಡಬೇಕು.

ಫ್ರೇಮು ಓರೆಯಾಗಿದೆಯೆ ಎಂದು ತಿಳಿಯಲು ಒಂದು ಗಟ್ಟಿ ದಾರ ಸಾಕು. ಮಗ್ಗಗಳ ಊರಾದ ದೊಡ್ಡಬಳ್ಳಾಪುರದಲ್ಲಿ ದಾರಕ್ಕೆ ಬರವೆ! ಹಿಂಬದಿಯ ಒಂದು ಸೀಳುತುದಿಗೆ ದಾರ ಕಟ್ಟಿ, ಮುಂಗೊಳವೆಯನ್ನು ಬಳಸಿ ತಂದು, ಇನ್ನೊಂದು ಸೀಳುತುದಿಗೆ ಬಿಗಿಯಾಗಿ ಕಟ್ಟಬೇಕು. ಸೀಟಿನ ಕೊಳವೆಯಿಂದ ದಾರಕ್ಕಿರುವ ದೂರ ಎರಡು ಬದಿಗೂ ಸಮವಿದ್ದರೆ ಹಿಂಭಾಗ ನೆಟ್ಟಗಿದೆ. ಒಂದೆರಡು ಮಿ.ಮೀ. ವ್ಯತ್ಯಾಸವನ್ನು ಪಳಗಿದವರು ತಿದ್ದಬಲ್ಲರು. ಹೆಚ್ಚಾಗಿದ್ದರೆ ತಜ್ಞರ ಸಲಹೆ ಅವಶ್ಯ.

ಚಿಕಿತ್ಸೆಯ ಕ್ರಮ

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿ ಹೆಜ್ಜೆಹೆಜ್ಜೆಗೂ ನಿಜವಾಗುತ್ತದೆ. ಉದಾಹರಣೆಗೆ, ಉಕ್ಕಿನ ಕೊಳವೆಯೊಳಗೆ ಅಲ್ಯೂಮಿನಿಯಮ್ಮಿನ ಸೀಟುಕಂಬಿ ಹಿಡಿದುಕೊಂಡಿದ್ದರೆ ಬೆಂಕಿ ತೋರಿಸುವುದು ಹಲವರ ರೂಢಿ. ಆದರೆ ಬಿಸಿಗೆ ಅಲ್ಯೂಮಿನಿಯಮ್ಮು ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಕಂಬಿಗೂ ಶಾಖ ತಗಲಿದರೆ ಅದು ಇನ್ನೂ ಬಿಗಿಯಾಗುವುದು! ಫ್ರೇಮನ್ನು ತಲೆಕೆಳಗಾಗಿ ನಿಲ್ಲಿಸಿ, ಬಾಟಮ್ ಬ್ರಾಕೆಟ್ಟಿನ ಕಡೆಯಿಂದ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು, ಕೆಲವು ದಿನ ಕಾದು, ಬಳಿಕ ಕಂಬಿಗೆ ಮಂಜುಗಡ್ಡೆ ಒತ್ತಿ ತಿರುಗಿಸುವುದು ಉತ್ತಮ.

ಮೇಲ್ಮೈಯ ತುಕ್ಕಿಗೆ ಆಕ್ಸಾಲಿಕ್ ಆಮ್ಲದ ತೆಳುವಾದ ದ್ರಾವಣ ಬಳಸುತ್ತಾರೆ. ಅದು ವಿಷವಾದುದರಿಂದ ಕೈಗವಸು ಬೇಕು, ಮಕ್ಕಳು ದೂರವಿರಬೇಕು; ಆಮೇಲೆ ಸೋಡಾ ನೀರಿನಿಂದ ತೊಳೆದು ಕೂಡಲೆ ಒಣಗಿಸಬೇಕು. ಹಿತ್ತಾಳೆ ಪಾತ್ರೆ ಬೆಳಗುವ ಹುಣಿಸೆಹಣ್ಣು ತೆಳುವಾದ ತುಕ್ಕಿಗೆ ನಿಧಾನವಾಗಿಯಾದರೂ ಕೆಲಸಕ್ಕೆ ಬರುತ್ತದೆ. ಕಕ್ಕಸು ತೊಳೆಯುವ ಬಿರುಸಾದ ಆಸಿಡ್ ಮಾತ್ರ ಸಲ್ಲದು. ಅದು ತುಕ್ಕಿನೊಡನೆ ಒಳ್ಳೆಯ ಉಕ್ಕನ್ನೂ ಕ್ರೋಮಿನ ಲೇಪವನ್ನೂ ತಿನ್ನುತ್ತದೆ. ಕ್ರೋಮಿನ ಮೇಲಿನ ಚುಕ್ಕೆಗಳಿಗೆ ಅಲ್ಯೂಮಿನಿಯಮ್ ಹಾಳೆಯನ್ನು ನೀರಿನಲ್ಲಿ ಅದ್ದಿ ಉಜ್ಜಿದರೆ ಸಾಕು.

ಎಲ್ಲಕ್ಕಿಂತ ಘೋರವಾದ ತಪ್ಪು ನಡೆಯುವುದು ವೆಲ್ಡಿಂಗ್ ಷಾಪಿನಲ್ಲಿ. ಈ ಫ್ರೇಮುಗಳನ್ನು ಕೂಡಿಸಿರುವುದು ಹಿತ್ತಾಳೆ ಅಥವಾ ಬೆಳ್ಳಿಯ ಬೆಸುಗೆಯಿಂದ. ಹಿತ್ತಾಳೆಗೆ ಸುಮಾರು 900 ಡಿಗ್ರಿ, ಬೆಳ್ಳಿಗೆ ಅದಕ್ಕಿಂತಲೂ ಕಡಿಮೆ ಶಾಖ ಸಾಕು, ಉಕ್ಕು ಕರಗುವುದಿಲ್ಲ. ವೆಲ್ಡಿಂಗಿನಲ್ಲಾದರೋ ಉಕ್ಕನ್ನೇ ಕರಗಿಸುತ್ತಾರೆ. 531ರಂಥ ತೆಳುಗೊಳವೆ ಅದನ್ನು ತಾಳದು. ಬೆಸುಗೆಯ ಪಕ್ಕದಲ್ಲೇ ಪೆಡಸಾಗಿ, ಮುಂದೊಮ್ಮೆ ಮುನ್ಸೂಚನೆಯಿಲ್ಲದೆ ಮುರಿಯಬಹುದು. ಬಿರುಕು ಬಿಟ್ಟ ಫ್ರೇಮನ್ನು ಬೆಳ್ಳಿ ಬೆಸುಗೆ ಬಲ್ಲವರಿಗೆ ಒಪ್ಪಿಸಬೇಕು. ಅಂಥವರು ಕೆಟ್ಟ ಕೊಳವೆಯನ್ನೇ ತೆಗೆದು ಬೇರೆಯದನ್ನು ಕೂಡಿಸಬಲ್ಲರು. ಉಕ್ಕಿನ ಫ್ರೇಮಿಗಿರುವ ದೊಡ್ಡ ಅನುಕೂಲವೇ ಇದು.

ಬಣ್ಣ ಕೊನೆಯ ಮಾತು. ಮೂಲ ಬಣ್ಣ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಅದನ್ನು ಕೆರೆಯದಿರುವುದೇ ಲೇಸು. ಉಪ್ಪುಕಾಗದದಿಂದ ಒಮ್ಮೆ ಉಜ್ಜಿದ ಬಣ್ಣ, ಅಕ್ಷರ, ಚಿನ್ನದ ಗೆರೆಗಳು ಮರಳಿ ಬಾರವು. ತುಕ್ಕು ತೆಗೆದ ಜಾಗಕ್ಕಷ್ಟೆ ಪ್ರೈಮರು ಕೊಟ್ಟು, ಹೋಲುವ ಬಣ್ಣ ಹಚ್ಚಬಹುದು. ಕೊಳವೆಯ ಒಳಮೈಗೆ ಕಾಯಿಸಿದ ಅಗಸೆ ಎಣ್ಣೆ ಸವರಿ ಒಣಗಿಸುವುದು ಹಳೆಯ ಕುಶಲಕರ್ಮಿಗಳ ಪದ್ಧತಿ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು; ತಾನಾಗಿ ಹೊತ್ತಿಕೊಳ್ಳುವುದುಂಟು.

ಇಷ್ಟೆಲ್ಲ ಮಾಡಿದ ಮೇಲೂ ಮೊದಲ ಸವಾರಿ ಸಮತಟ್ಟಾದ ರಸ್ತೆಯಲ್ಲಿರಲಿ. ಕೆಲವು ವಾರ ಓಡಿಸಿ, ಮೂಲೆಮೂಲೆಯನ್ನೂ ಮತ್ತೊಮ್ಮೆ ಪರೀಕ್ಷಿಸಿ, ಬ್ರೇಕಿನ ರಬ್ಬರು ತಂತಿಗಳನ್ನು ಹೊಸದಾಗಿ ಹಾಕಿದ ಮೇಲೆ ನಂದಿಬೆಟ್ಟ. ಅಲ್ಲಿ ಏರುವಾಗ ಕಾಲಿಗೆ ಪರೀಕ್ಷೆ; ಇಳಿಯುವಾಗ ಫ್ರೇಮಿಗೆ.

ಅಳೆದು ನೋಡಿದಾಗ ಅಟ್ಟದ ಮೇಲಿನ ಸೈಕಲ್ಲು ಪಂದ್ಯದ್ದಲ್ಲ, ತಾತ ಕಛೇರಿಗೆ ತುಳಿದ ಸಾಧಾರಣ ಸೈಕಲ್ಲೇ ಎಂದು ತೇಲಬಹುದು. ಹತ್ತರಲ್ಲಿ ಒಂಬತ್ತು ಸಲ ಹಾಗೆಯೇ ಆದೀತು. ಆಗಲೂ ಶ್ರಮ ವ್ಯರ್ಥವಲ್ಲ. ಅದರ ದಪ್ಪ ಕೊಳವೆ ತುಕ್ಕನ್ನು ಇನ್ನೂ ಚೆನ್ನಾಗಿ ತಾಳಿಕೊಂಡಿರುತ್ತದೆ. ಕಪ್ಪು, ಬಾಲ್ಸು, ಟೈರು, ಚೈನು ಊರಿನ ಸೈಕಲ್ ಷಾಪಿನಲ್ಲೇ ದೊರೆಯುತ್ತವೆ. ತುಸು ಎಣ್ಣೆ, ತುಸು ಬಿಡುವು ದೊರೆತರೆ ಮೊಮ್ಮಕ್ಕಳು ಅದನ್ನು ತುಳಿದುಕೊಂಡು ತರಕಾರಿ ತರಬಹುದು.