ಬಾಗಿದರೂ ತಿರುಗುವ ದಂಡ

ಮಳೆ ಬಿದ್ದು ನೆಲ ಹದವಾದೊಡನೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟಗಳಲ್ಲಿ ಟ್ರ್ಯಾಕ್ಟರುಗಳ ಸದ್ದು ಕೇಳತೊಡಗುತ್ತದೆ. ಅವುಗಳ ಹಿಂದಿರುವ ರೋಟವೇಟರಿನ ಅಲಗುಗಳು ಮರದ ಸಾಲುಗಳ ನಡುವಣ ಕಳೆಯನ್ನು ಕೊಚ್ಚಿ ಮಣ್ಣಿಗೆ ಬೆರೆಸುತ್ತವೆ. ಎಂಜಿನ್ನಿನ ಶಕ್ತಿಯನ್ನು ಈ ಅಲಗುಗಳಿಗೆ ಮುಟ್ಟಿಸುವುದು ಪಿ.ಟಿ.ಓ. ಶಾಫ್ಟ್ ಎಂಬ ದಂಡ. ಅದರ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಎಂದರೆ ಸೆಕೆಂಡಿಗೆ 9.

ಉಬ್ಬುತಗ್ಗಿನ ನೆಲದಲ್ಲಿ ರೋಟವೇಟರು ಏಳುತ್ತ ಬೀಳುತ್ತ ಸಾಗುತ್ತದೆ. ನೆಟ್ಟನೆಯ ಸರಳೊಂದು ಇದನ್ನು ತಾಳಲಾರದು. ಆದುದರಿಂದ ದಂಡದ ಎರಡು ತುದಿಗಳಲ್ಲಿಯೂ ಬಾಗುವ ಕೀಲುಗಳಿವೆ. ಒಂದಕ್ಕೊಂದು ಎದುರಾದ ಎರಡು ಕವಲುಗಳು, ಅವುಗಳ ನಡುವೆ ಕೂಡುಗುರುತಿನ ಆಕಾರದ ಉಕ್ಕಿನ ತುಂಡು. ಇದೇ ಕೀಲಿನ ರಚನೆ. ಈ ತುಂಡಿಗೆ ಗ್ಯಾರೇಜಿನವರು 'ಕ್ರಾಸ್' ಎನ್ನುತ್ತಾರೆ. ಸ್ಪ್ರಿಂಗಿನ ನಿಯಮದಿಂದ ನಮಗೆಲ್ಲ ಪರಿಚಿತನಾದ ರಾಬರ್ಟ್ ಹುಕ್ (1635-1703) ಇಂಥ ಕೀಲನ್ನು ವಿವರಿಸಿದನಾದ್ದರಿಂದ ಇದಕ್ಕೆ ಹುಕ್ ಕೀಲು ಎಂಬ ಹೆಸರೂ ಇದೆ.

ಈ ಕೀಲಿಗೆ ಒಂದು ವಿಚಿತ್ರ ಗುಣವುಂಟು. ಅದು ಬಾಗಿದ್ದಾಗ ಒಂದು ಕಡೆಯ ವೇಗ ಸಮನಾಗಿದ್ದರೂ ಇನ್ನೊಂದು ಕಡೆಯದು ಸಮನಾಗಿರುವುದಿಲ್ಲ. ಬಾಗು 30 ಡಿಗ್ರಿಯಾದರೆ, 540 ಸುತ್ತಿನ ವೇಗವು ಪ್ರತಿ ಸುತ್ತಿನಲ್ಲಿಯೂ ಎರಡು ಬಾರಿ ಸುಮಾರು 468ಕ್ಕೆ ಇಳಿದು, ಎರಡು ಬಾರಿ 624ಕ್ಕೆ ಏರುತ್ತದೆ! ಮೊದಲನೆಯ ಕೀಲಿನ ಈ ಏರಿಳಿತವನ್ನು ಎರಡನೆಯ ಕೀಲು ಅಳಿಸಿಹಾಕಬೇಕು. ಅದಕ್ಕೆ ಎರಡು ಕೀಲುಗಳ ಬಾಗೂ ಸಮನಾಗಿರಬೇಕು. ನಡುದಂಡದ ಎರಡು ತುದಿಗಳ ಕವಲುಗಳೂ ಒಂದೇ ಸಮತಲದಲ್ಲಿರಬೇಕು.

ದುರಸ್ತಿಯಲ್ಲಿ ತಪ್ಪು ನುಸುಳುವುದು ಇಲ್ಲಿಯೇ. ನಡುದಂಡವು ಒಂದರೊಳಗೊಂದು ಜಾರುವ ಎರಡು ಕೊಳವೆಗಳಿಂದಾದುದು. ಮುಮ್ಮೂಲೆಯ ಕೊಳವೆಗಳನ್ನು ಬಿಚ್ಚಿ ಕೂಡಿಸುವಾಗ ಮೂರು ಬಗೆಯಲ್ಲಿ ಸೇರಿಸಬಹುದು, ಸರಿಯಾದುದು ಒಂದೇ. ತಪ್ಪಾಗಿ ಸೇರಿಸಿದ ದಂಡವೂ ತಿರುಗುತ್ತದೆ, ಆದರೆ ಅದುರಿ ಅದುರಿ ಕ್ರಾಸನ್ನೂ ಗೇರುಗಳನ್ನೂ ಸವೆಸುತ್ತದೆ. ಬಿಚ್ಚುವ ಮೊದಲು ಎರಡು ಕೊಳವೆಗಳಿಗೂ ಬಣ್ಣದ ಗುರುತು ಹಾಕಿಕೊಂಡರೆ ಈ ನಷ್ಟ ತಪ್ಪುತ್ತದೆ.

ಪರೀಕ್ಷೆ ಕಷ್ಟವಾದುದಲ್ಲ. ರೋಟವೇಟರನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಕೀಲಿಕೈ ತೆಗೆದುಕೊಂಡು, ದಂಡ ಪೂರ್ತಿ ನಿಂತ ಮೇಲೆಯೇ ಕೈಹಾಕಬೇಕು. ಕವಲನ್ನು ಹಿಡಿದು ಅತ್ತಿತ್ತ ಅಲುಗಿಸಿದಾಗ ಕ್ರಾಸಿನಲ್ಲಿ ಸಡಿಲ ಕಂಡರೆ ಅದು ಸವೆದಿದೆಯೆಂದು ತಿಳಿಯಬೇಕು. ಗ್ರೀಸಿಲ್ಲದೆ ಒಣಗಿದ ಬೇರಿಂಗಿನ ಅಂಚಿನಲ್ಲಿ ತುಕ್ಕಿನ ಕೆಂಪು ಪುಡಿ ಕಾಣುತ್ತದೆ. ಕೆಮ್ಮಣ್ಣಿನ ತೋಟದಲ್ಲಿ ಧೂಳೂ ಹಾಗೆಯೇ ತೋರುವುದರಿಂದ ಮೊದಲು ಒರೆಸಿ, ಕೆಲಸವಾದ ಮೇಲೆ ಮತ್ತೆ ನೋಡುವುದು ಲೇಸು. ಗ್ರೀಸ್ ಗನ್ನಿನಿಂದ ಹೊಸ ಗ್ರೀಸನ್ನು ತುಂಬಿದಾಗ ಹಳೆಯದು ಅಂಚಿನಿಂದ ಹೊರಬರಬೇಕು.

ಕೊನೆಯದಾಗಿ, ದಂಡದ ಮೇಲಿನ ಪ್ಲಾಸ್ಟಿಕ್ ಕವಚ. ಇದು ಒಡೆದರೆ ಅನೇಕರು ಕಿತ್ತೆಸೆದು ಕೆಲಸ ಮುಂದುವರಿಸುತ್ತಾರೆ. ನಾವು ಒಂದು ಲೆಕ್ಕ ಮಾಡೋಣ. ದಂಡದ ಸುತ್ತಳತೆ 20 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಒಂದು ಸೆಕೆಂಡಿನಲ್ಲಿ ಅದು ಸುತ್ತಿಕೊಳ್ಳುವ ಬಟ್ಟೆ 180 ಸೆಂಟಿಮೀಟರ್. ಪಂಚೆಯ ಅಂಚೋ ಸೀರೆಯ ಸೆರಗೋ ಸಿಕ್ಕಿದರೆ, 'ಅಯ್ಯೋ' ಎನ್ನುವುದರೊಳಗೆ ಮನುಷ್ಯನೇ ದಂಡದ ಬಳಿಗೆ ಸೆಳೆಯಲ್ಪಟ್ಟಿರುತ್ತಾನೆ. ಸವೆದ ಕ್ರಾಸನ್ನು ಬದಲಾಯಿಸಬಹುದು. ಹೋದ ಕೈಯನ್ನು ಬದಲಾಯಿಸಲಾಗದು. ಆದುದರಿಂದ ತಪಾಸಣೆಯು ಕವಚದಿಂದಲೇ ಆರಂಭವಾಗತಕ್ಕದ್ದು.